ಛಾವಣಿಗೆ ಓದಿದ ಹೆಸರು

ಹಾಲ್ಟನ್ ಕ್ರೀಕ್, ಮೊಂಟಾನಾ
೧೪ ಅಕ್ಟೋಬರ್ ೨೦೨೪

ಸಿನಿವಾ ಅಕ್ಕ,

ನಿನ್ನೆ ಮಕ್ಕಳ ಭಾನುವಾರ. ಅಲ್ಲಿ ನೀವೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಚರ್ಚಿನಲ್ಲಿ ಕೂತಿದ್ದಿರಿ, ಇಲ್ಲಿ ಇಡೀ ಊರೇ ಬಿಳಿ ಹೊದ್ದುಕೊಂಡಿತ್ತು. ಅಕ್ಟೋಬರಿಗೇ ಹಿಮ! ಈ ಸಲ ಯಾವ ಮಗು ಬೈಬಲಿನ ವಾಕ್ಯ ಮರೆತು ಅತ್ತಿತು? ನಾನು ಏಳು ವರ್ಷದವನಿದ್ದಾಗ ಎಲ್ಲರೆದುರು ಬಾಯಿ ಬಿಟ್ಟುಕೊಂಡು ನಿಂತಿದ್ದು ನೆನಪಾಯಿತು. ನೀನು ಹಿಂದಿನ ಬೆಂಚಿನಿಂದ ಪಿಸುಗುಟ್ಟಿದೆ, ನಾನು ಹಾಗೆಯೇ ಒಪ್ಪಿಸಿದೆ. ಆಮೇಲೆ ನೋಡಿದರೆ ಅದು ಬೇರೆ ಹುಡುಗನ ವಾಕ್ಯ.

ಒಂದು ವಿಷಯವಿದೆ. ಫೋನಿನಲ್ಲಿ ಹೇಳಲಿಲ್ಲ. ನೀವು ಫೋನನ್ನು ಚಾಪೆಯ ಮಧ್ಯೆ ಇಟ್ಟು ಹನ್ನೆರಡು ಜನ ಸುತ್ತ ಕೂರುತ್ತೀರಿ. ಅಮ್ಮ "ಊಟ ಆಯ್ತೇನೋ" ಅನ್ನುವಷ್ಟರಲ್ಲಿ ಚಿಕ್ಕಪ್ಪ "ಎಷ್ಟರಲ್ಲಿ ಗೆದ್ರಿ" ಅನ್ನುತ್ತಾರೆ. ನಿನ್ನ ಅಂಚೆ ಪೆಟ್ಟಿಗೆಯ ಕೀಲಿಯಾದರೂ ನಿನ್ನ ಕೊರಳಲ್ಲಿ ಇದೆಯಲ್ಲ, ಅದಕ್ಕೇ ಕಾಗದ.

ಟೆಕ್ಸಸ್‌ನ ಒಂದು ದೊಡ್ಡ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ನನ್ನ ಮೇಲೆ ಕಣ್ಣಿಟ್ಟಿದೆಯಂತೆ. ನಿಯಮದ ಪ್ರಕಾರ ಅವರು ಈಗಲೇ ನೇರವಾಗಿ ಕೇಳುವ ಹಾಗಿಲ್ಲ, ಅದಕ್ಕೆ ಡಾರೆಲ್ ಅನ್ನುವ ದಲ್ಲಾಳಿಯೊಬ್ಬ ಫೋನ್ ಮಾಡಿದ್ದ. "ಡಿಸೆಂಬರ್‌ನಲ್ಲಿ ಕಾಲೇಜು ಬದಲಾಯಿಸ್ತೀನಿ ಅಂತ ಹೆಸರು ಕೊಟ್ಬಿಡು ಮರಿ. ಅಲ್ಲಿನ ಎಣ್ಣೆ ಕುಳಗಳು ನಾಲ್ಕು ಲಕ್ಷ ಹೇಳಿದಾರೆ" ಅಂದ. ನಾಲ್ಕು ಲಕ್ಷ ಡಾಲರ್, ಒಂದು ವರ್ಷಕ್ಕೆ! ಇಲ್ಲಿ ನನಗೆ ಓದು, ಊಟ, ಕೋಣೆ ಬಿಟ್ಟರೆ ಸಿಗುವುದು ಟೈರ್ ಅಂಗಡಿಯವನು ತಿಂಗಳಿಗೆ ಕೊಡುವ ಮುನ್ನೂರು. ಅದಕ್ಕೂ ಅವನ ಟೈರಿನ ಪಕ್ಕ ನಿಂತು ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳಬೇಕು.

ಯಾರಿಗೂ ಹೇಳಬೇಡ. ಕೈಬರಹ ನೋಡಿ ಬೈಯಲೂಬೇಡ. ಚಳಿಗೆ ಬೆರಳು ಮರಗಟ್ಟುತ್ತವೆ. ಇವತ್ತು ಬೆಳಿಗ್ಗೆ ಕಾಫಿ ಲೋಟ ಕೈಜಾರಿ ಕೋಚ್‌ನ ಬೂಟಿನ ಮೇಲೆ ಬಿತ್ತು.

ನಿನ್ನ ತಮ್ಮ,
ಫೆರೆತಿ


ಪಾಗೊ ಪಾಗೊ, ಅಮೆರಿಕನ್ ಸಮೋವಾ
೩೦ ಅಕ್ಟೋಬರ್ ೨೦೨೪

ಫೆರೆತಿ,

ಬೈಯಬೇಡ ಅಂದರೆ ಬಿಡುತ್ತೇನೆಯೇ? ಕೋಳಿ ಕೆದರಿದ ಹಾಗೆ ಬರೆದಿದ್ದೀಯ. ಕಾಲೇಜಿನಲ್ಲಿ ಮೂರು ವರ್ಷ ಓದಿದವನ ಅಕ್ಷರವೇ ಇದು? ಲಗಿಗೆ ತೋರಿಸಿದೆ. (ಹೆದರಬೇಡ, ಲಕೋಟೆಯ ಮೇಲಿನ ವಿಳಾಸ ಮಾತ್ರ.) "ಇವನು ಕಾಲಲ್ಲಿ ಬರ್ದಿದಾನೇನೇ?" ಅಂದಳು. ಲಗಿ ಗೊತ್ತಲ್ಲ, ಕಾರ್ಖಾನೆಯಲ್ಲಿ ನನ್ನ ಪಕ್ಕ ನಿಂತು ಟ್ಯೂನಾ ಹೆರೆಯುವವಳು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಮೀನಿನ ವಾಸನೆ ಹೊತ್ತು ಒಂದೇ ಬಸ್ಸಿನಲ್ಲಿ ಮನೆಗೆ ಬರುತ್ತೇವೆ.

ನಾಲ್ಕು ಲಕ್ಷ! ಬಸ್ ನಿಲ್ದಾಣದಲ್ಲಿ ನಿಂತು ಓದಿದೆ. ಎರಡು ಬಸ್ ಹೋದವು, ಹತ್ತಲಿಲ್ಲ. ದೊಡ್ಡವರು ಬಾಯಿಬಿಟ್ಟು ಹೇಳಿದ್ದಾರೆ ಅಂದ ಮೇಲೆ ಇನ್ನೇನು, ಮುಗಿಯಿತಲ್ಲ. ಯಾರಿಗೂ ಹೇಳಿಲ್ಲ. ಆದರೆ ಅಮ್ಮ ಎರಡು ದಿನದಿಂದ ನನ್ನ ಮುಖ ನೋಡಿ "ಏನೇ, ಯಾರಾದ್ರೂ ಗಂಡು ನೋಡಿದೀಯಾ?" ಅನ್ನುತ್ತಿದ್ದಾಳೆ.

ಚರ್ಚಿನ ಛಾವಣಿ ಕಳೆದ ಗಾಳಿಗೆ ಅರ್ಧ ಎದ್ದು ಹೋಗಿದೆ. ಯಾವ ಮನೆ ಎಷ್ಟು ಕೊಡುತ್ತದೆ ಅಂತ ನವೆಂಬರಿನಲ್ಲಿ ಓದುತ್ತಾರೆ. ಪೆಪೆ ಅತ್ತೆ ಆಗಲೇ ಕತ್ತು ಕೊಂಕಿಸಿ ಓಡಾಡುತ್ತಿದ್ದಾಳೆ, ಮಗ ದೊಡ್ಡ ಲೀಗಿನಲ್ಲಿ ಆಡುತ್ತಾನಲ್ಲ. ಅಪ್ಪ ಚರ್ಚಿನ ಹಿರಿಯ, ಮುಂದಿನ ಬೆಂಚು. ಹೋದ ಸಲ ನಮ್ಮ ಮನೆಯ ಹೆಸರು ಓದಿದಾಗ ಅಪ್ಪ ತಗ್ಗಿಸಿದ ತಲೆ ಎತ್ತಲಿಲ್ಲ. ನಿನ್ನ ತಲೆಗೆ ಇದೆಲ್ಲ ಹಚ್ಚುವುದಿಲ್ಲ, ಸುಮ್ಮನೆ ಬರೆದೆ.

ಚಳಿಗೆ ಉಣ್ಣೆಯ ಕೈಗವಸು ಹಾಕಿಕೋ.

ಸಿನಿವಾ


ಹಾಲ್ಟನ್ ಕ್ರೀಕ್
೧೮ ನವೆಂಬರ್ ೨೦೨೪

ಅಕ್ಕ,

ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೇನೆ. ಇನ್ನು ಲಗಿ ನಗುವ ಹಾಗಿಲ್ಲ.

ಶನಿವಾರ ಸೋತೆವು. ನನಗೆ ಸ್ವಲ್ಪ ಉಳುಕು, ಆಟದ ಕೊನೆಯ ಕಾಲುಭಾಗ ಆಡಲಿಲ್ಲ. ಅಂಥದ್ದೇನೂ ಅಲ್ಲ.

ಒಂದು ಕೇಳಲೇ? ನಾನು ಟೆಕ್ಸಸ್‌ಗೆ ಹೋಗದಿದ್ದರೆ? ಇಲ್ಲಿ ಪದವಿಗೆ ಇನ್ನು ಎರಡು ಸೆಮಿಸ್ಟರ್ ಬಾಕಿ. ಅರಣ್ಯ ಇಲಾಖೆಯವರು ಬೇಸಿಗೆಗೆ ಕೆಲಸ ಕೊಡುತ್ತೇವೆ ಅನ್ನುತ್ತಿದ್ದಾರೆ. ಮರ ಅಳೆಯುವ ಕೆಲಸ. ಮರ ಯಾರನ್ನೂ ತಳ್ಳುವುದಿಲ್ಲ, ಅದನ್ನೂ ಯಾರೂ ತಳ್ಳುವುದಿಲ್ಲ. ಡಾರೆಲ್ ದಿನಾ ಫೋನ್ ಮಾಡುತ್ತಾನೆ. "ಈ ಬಾಗಿಲು ಎರಡನೇ ಸಲ ತೆರೆಯಲ್ಲ ಮರಿ. ಮೈಯಲ್ಲಿ ಕಸುವಿದ್ದಾಗ್ಲೇ ಮಾರ್ಕೋಬೇಕು" ಅಂತಾನೆ. ಮಾರಿಕೊಳ್ಳುವುದು ಅನ್ನುವ ಮಾತನ್ನು ಅವನು ಎಷ್ಟು ಸಲೀಸಾಗಿ ಆಡುತ್ತಾನೆ ಅಂದರೆ ನಾನೂ ತಲೆಯಾಡಿಸಿಬಿಡುತ್ತೇನೆ.

ಹೆಸರು ಕೊಡಬೇಕಾದ್ದು ಡಿಸೆಂಬರ್ ೯ರಿಂದ. ಅಷ್ಟರೊಳಗೆ ನಿನ್ನ ಕಾಗದ ಬರಲಿ. ನೀನು ಏನೆನ್ನುತ್ತೀಯ?

ಫೆರೆತಿ


ಪಾಗೊ ಪಾಗೊ
೧ ಡಿಸೆಂಬರ್ ೨೦೨೪

ಫೆರೆತಿ,

ಓಹೋ, ಅಕ್ಕನಿಗೆ ಕೈಯಾರೆ ನಾಲ್ಕು ಸಾಲು ಗೀಚಲೂ ಈಗ ಸಾಹೇಬರಿಗೆ ಪುರುಸೊತ್ತಿಲ್ಲ. ಕೊನೆಗೆ ನಿನ್ನ ಹೆಸರನ್ನೂ ಯಂತ್ರವೇ ಹೊಡೆದಿದೆ. ತೆರಿಗೆ ಕಚೇರಿಯಿಂದ ಬಂದ ಕಾಗದ ಅಂದುಕೊಂಡು ಒಡೆದೆ. ದುಡ್ಡು ಕೈಗೆ ಬರುವ ಮೊದಲೇ ಇಷ್ಟಾದರೆ ಬಂದ ಮೇಲೆ ಹೇಗೋ!

"ಹೋಗದಿದ್ದರೆ?" ಅಂತ ಕೇಳಿದ್ದೀಯ. ಇದೇನು ಆಟ? ಇನ್ನೂ ಹೆಚ್ಚು ಕೇಳಬೇಕು ಅಂತ ಆ ದಲ್ಲಾಳಿ ಹೇಳಿಕೊಟ್ಟನೇ? ಅವರು ಹೇಳಿಯಾಗಿದೆ, ನೀನು ಕೇಳಿಯಾಗಿದೆ. ನಮ್ಮಲ್ಲಿ ಹಿರಿಯರ ಮುಂದೆ ಒಂದು ಮೊತ್ತ ಬಾಯಿಂದ ಬಂದರೆ ಅದು ಕೊಟ್ಟಂತೆಯೇ. ಹಿಂದೆ ಸರಿದವರನ್ನು ನಾನಂತೂ ನೋಡಿಲ್ಲ.

ಈಗ ಬಚ್ಚಿಟ್ಟಿದ್ದು ಹೇಳಿಬಿಡುತ್ತೇನೆ. ನವೆಂಬರ್ ೧೦ರ ಭಾನುವಾರ ಛಾವಣಿಯ ಪಟ್ಟಿ ಓದಿದರು. ಪೆಪೆ ಅತ್ತೆಯ ಮಗ ಹತ್ತು ಸಾವಿರ. ಚರ್ಚಿಗೆ ಚರ್ಚೇ ಉಸ್ಸೆಂದಿತು. ನಮ್ಮ ಮನೆಯದು ನೂರ ಐವತ್ತು. ಓದಿದ ಮೇಲೆ ಪೆಪೆ ಅತ್ತೆ ಅಮ್ಮನ ಕಡೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ, "ಪಾಪ, ಫೆರೆತಿ ಇನ್ನೂ ಕಾಲೇಜಿನಲ್ಲಿ ಪುಕ್ಕಟೆ ಆಡ್ತಿದಾನಲ್ವಾ" ಅಂದಳು. ನನಗೆ ಮೈಯೆಲ್ಲ ಉರಿದು ಹೋಯಿತು ಕಣೋ. ಎದ್ದು ಹೋಗಿ ಪಟ್ಟಿ ಓದುವವರ ಕಿವಿಯಲ್ಲಿ ಹೇಳಿದೆ. ಅವರು ನನ್ನನ್ನು ಎರಡು ಸಲ ಕೇಳಿ, ಕನ್ನಡಕ ಒರೆಸಿಕೊಂಡು ಓದಿದರು: "ಫೆರೆತಿ, ಅಕ್ಕನ ಬಾಯಿಂದ, ಇಪ್ಪತ್ತೈದು ಸಾವಿರ."

ಅಪ್ಪ ಅತ್ತುಬಿಟ್ಟ. ಅಪ್ಪ ಅಳುವುದನ್ನು ಅಜ್ಜಿಯ ಮಣ್ಣಿನಲ್ಲಿ ಬಿಟ್ಟರೆ ನಾನು ನೋಡಿರಲಿಲ್ಲ. ಮನೆಗೆ ಬರುವಾಗ ಜನ ದಾರಿ ಬಿಟ್ಟು ನಿಂತರು. ಜುಲೈನಲ್ಲಿ ನಿನಗೆ ಮನೆತನದ ಪಟ್ಟ ಕಟ್ಟುವ ಮಾತೂ ಎತ್ತಿದ್ದಾರೆ.

ಆದ್ದರಿಂದ ಆಟ ಸಾಕು. ನನ್ನ ಮಾತು ಉಳಿಸು.

ನಿನ್ನ ಅಕ್ಕ,
ಸಿನಿವಾ


ಟೆಕ್ಸಸ್
೨೦ ಜನವರಿ ೨೦೨೫

ಅಕ್ಕ,

ನಿನ್ನ ಕಾಗದ ಡಿಸೆಂಬರ್ ೧೩ಕ್ಕೆ ಸಿಕ್ಕಿತು. ೧೪ಕ್ಕೆ ಹೆಸರು ಕೊಟ್ಟೆ. ಜನವರಿ ಮೂರರಿಂದ ಇಲ್ಲಿದ್ದೇನೆ. ಕೋಣೆ ದೊಡ್ಡದು. ಊಟದ ಮನೆಯಲ್ಲಿ ಮೀನು ಬೇಯಿಸಲು ಒಬ್ಬ, ಮಾಂಸ ಸುಡಲು ಒಬ್ಬ, ನಾವು ಎಷ್ಟು ತಿಂದೆವು ಅಂತ ಬರೆದುಕೊಳ್ಳಲು ಇನ್ನೊಬ್ಬ.

ಕರಾರು ಹನ್ನೊಂದು ಪುಟ. ತಿಂಗಳು ತಿಂಗಳು ಕೊಡುತ್ತಾರೆ, ತಂಡದಲ್ಲಿ ಇರುವ ತನಕ. ಆಡಲು ಆಗದೆ ಹೋದರೆ ಅಲ್ಲಿಗೆ ನಿಲ್ಲುತ್ತದೆ. ಡಾಕ್ಟರು ಎರಡು ಪುಟ ಪ್ರಶ್ನೆ ಕೇಳಿದರು. ಎಲ್ಲಕ್ಕೂ "ಇಲ್ಲ" ಅಂದೆ. "ಒಳ್ಳೇ ಎತ್ತಿನ ಹಾಗಿದೀಯ" ಅಂತ ಬೆನ್ನು ತಟ್ಟಿದರು.

ಇದರ ಜೊತೆ ಚೆಕ್ ಇದೆ. ಇಪ್ಪತ್ತೈದು ಸಾವಿರ. ಅಪ್ಪನ ಕೈಗೆ ಕೊಡು.

ನಿನ್ನ ಮಾತು ಉಳಿಸಿದ್ದೇನೆ.

ಫೆರೆತಿ


ಪಾಗೊ ಪಾಗೊ
೧೨ ಫೆಬ್ರವರಿ ೨೦೨೫

ಫೆರೆತಿ,

ಚೆಕ್ ಬಂತು. ಅಪ್ಪ ಅದನ್ನು ಬೈಬಲಿನೊಳಗಿಟ್ಟು ಬಟ್ಟೆಯಲ್ಲಿ ಸುತ್ತಿ ಪಾದ್ರಿಗಳ ಮನೆಗೆ ಒಯ್ದ. ಪೆಪೆ ಅತ್ತೆಯ ಮನೆ ಆ ದಾರಿಯಲ್ಲಿ ಇಲ್ಲ, ಆದರೂ ಸುತ್ತು ಹಾಕಿ ಅವಳ ಮನೆಯ ಮುಂದಿನಿಂದಲೇ ಹೋದ. ಎದ್ದು ಹೋದ ಛಾವಣಿಯಲ್ಲಿ ಅರ್ಧಕ್ಕೆ ತಗಡು ಹೊಡೆದಾಯಿತು.

ನಾನು ಮಾತ್ರ ಆ ಚೆಕ್ ಅನ್ನು ಒಯ್ಯುವ ಮೊದಲು ಬಹಳ ಹೊತ್ತು ಹಿಡಿದು ಕೂತಿದ್ದೆ. ಮೊತ್ತ ನೋಡುತ್ತಿದ್ದಾಳೆ ಅಂತ ಅಮ್ಮ ನಕ್ಕಳು. ನಾನು ನೋಡುತ್ತಿದ್ದುದು ನಿನ್ನ ಸಹಿ. ನಿನ್ನ ಹೆಸರಿನ ಮೊದಲ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿದೆ. ಮತ್ತೆ ಮೇಲೆತ್ತಿದ್ದೀಯ, ಅದು ಮತ್ತೆ ಜಾರಿದೆ. ಪೆನ್ನನ್ನು ಒತ್ತಿ ಒತ್ತಿ ಹಿಡಿದು ಕಾಗದ ಹರಿದಿದೆ.

ಇಂಥ ಸಹಿ ನಾನು ಪ್ರತಿ ಶುಕ್ರವಾರ ನೋಡುತ್ತೇನೆ. ಸಂಬಳದ ಪುಸ್ತಕದಲ್ಲಿ ಹೆಂಗಸರು ಹಾಕುವ ಸಹಿ. ಹತ್ತು ಹನ್ನೆರಡು ವರ್ಷ ಮೀನು ಹೆರೆದವರಿಗೆ ಮೊದಲು ಕಿರುಬೆರಳು ಜೋಮು ಹಿಡಿಯುತ್ತದೆ, ಆಮೇಲೆ ಪಕ್ಕದ್ದು, ಆಮೇಲೆ ಲೋಟ ಕೈಜಾರುತ್ತದೆ. ಲಗಿ ಮೊನ್ನೆ ಕತ್ತಿ ಬೀಳಿಸಿ ಕಾಲು ಕುಯ್ದುಕೊಂಡಳು. ಲೋಟ ಅಂದಾಗ ನಿನ್ನ ಅಕ್ಟೋಬರಿನ ಕಾಗದ ನೆನಪಾಯಿತು. ತೆಗೆದು ಓದಿದೆ. ನವೆಂಬರಿನದನ್ನೂ ಓದಿದೆ. ಟೈಪ್ ಮಾಡಿದ್ದನ್ನು ಸೊಕ್ಕು ಅಂದುಕೊಂಡೆನಲ್ಲ! ನನ್ನಂಥ ಪೆದ್ದಿ ಈ ದ್ವೀಪದಲ್ಲಿ ಇನ್ನೊಬ್ಬಳಿಲ್ಲ.

ತಮ್ಮ ಅಕ್ಕನ ಹತ್ತಿರ ಮೈಯ ವಿಷಯ ಆಡಬಾರದು, ಅಕ್ಕ ಕೇಳಬಾರದು. ನನಗೂ ಗೊತ್ತು. ಹಾಗೇ ಬೆಳೆದಿದ್ದೇವೆ. ಆದರೂ ಕೇಳುತ್ತಿದ್ದೇನೆ, ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ. ಯಾವ ಬೆರಳು? ಎಷ್ಟು ದಿನದಿಂದ? ಕೈ ಮಾತ್ರವೋ, ತೋಳೂ ಹೌದೋ?

ನನ್ನದನ್ನೂ ಹೇಳುತ್ತೇನೆ. ನನ್ನ ಬಲಗೈಯ ಎರಡು ಬೆರಳು ಆಗಸ್ಟಿನಿಂದ ಸತ್ತಿವೆ. ಯಾರಿಗೂ ಹೇಳಿಲ್ಲ, ಹೇಳಿದರೆ ಕತ್ತಿ ಕಸಿದುಕೊಂಡು ಡಬ್ಬಿ ಒರೆಸಲು ಹಾಕುತ್ತಾರೆ, ಸಂಬಳ ಕಡಿಮೆ. ಆ ಭಾನುವಾರ ಇಪ್ಪತ್ತೈದು ಸಾವಿರ ಅಂತ ಓದಿಸಿದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಛಾವಣಿ ಮಾತ್ರವಲ್ಲ. ಇವನಿಗೆ ಇಷ್ಟು ಬಂದರೆ ನಾನು ಕತ್ತಿ ಕೆಳಗಿಡಬಹುದು ಅಂತಲೂ ಇತ್ತು. ಇದನ್ನು ಬರೆಯಲು ನನಗೆ ಅಸಹ್ಯವಾಗುತ್ತಿದೆ.

ಕೈಯಾರೆ ಬರಿ. ಹೇಗಾದರೂ ಇರಲಿ.

ಸಿನಿವಾ


ಟೆಕ್ಸಸ್
೩ ಮಾರ್ಚ್ ೨೦೨೫

ಅಕ್ಕ,

ಇದು ಎಡಗೈಯ ಬರಹ. ಬಲಗೈಗಿಂತ ಇದೇ ವಾಸಿ ಆಗಿದೆ ನೋಡು.

ಕಿರುಬೆರಳು, ಉಂಗುರದ ಬೆರಳು, ಈಗ ಹೆಬ್ಬೆರಳಿನ ತುದಿಯೂ. ಶುರುವಾಗಿದ್ದು ಸೆಪ್ಟೆಂಬರಿನಲ್ಲಿ. ನನ್ನ ಕೆಲಸ ನಿನಗೆ ಗೊತ್ತು. ಒಂದು ಕೈ ನೆಲಕ್ಕೂರಿ ಬಗ್ಗಿ ಕೂರುವುದು, ಚೆಂಡು ಅಲುಗಿದ ಕೂಡಲೇ ಎದುರಿನವನ ಎದೆಗೆ ನುಗ್ಗುವುದು. ನವೆಂಬರಿನ ಆ "ಉಳುಕಿ"ನ ದಿನ ತಲೆ ತಗ್ಗಿಸಿ ಗುದ್ದಿದೆ, ಕತ್ತಿನಿಂದ ಬೆರಳ ತುದಿಯ ತನಕ ಬೆಂಕಿ ಹರಿಯಿತು, ಆಮೇಲೆ ಇಡೀ ತೋಳು ಹತ್ತು ನಿಮಿಷ ನನ್ನದಾಗಿರಲಿಲ್ಲ. ಬೆಂಚಿನ ಮೇಲೆ ಕೂತು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಉಳುಕು ಅಂತ ಹೇಳಿದೆ, ನಂಬಿದರು.

ಅಲ್ಲಿನ ತಂಡದ ಡಾಕ್ಟರಿಗೆ ತೋರಿಸಿದ್ದರೆ ಫೈಲಿಗೆ ಬೀಳುತ್ತಿತ್ತು, ಫೈಲು ನನ್ನ ಹಿಂದೆಯೇ ಟೆಕ್ಸಸ್‌ಗೆ ಬರುತ್ತಿತ್ತು. ಅದಕ್ಕೇ ಆ ಸೋಮವಾರ ಬೆಳಿಗ್ಗೆಯೇ ಊರಾಚೆಯ ಒಂದು ಕ್ಲಿನಿಕ್ಕಿಗೆ ಹೋಗಿ, ಟೈರ್ ಅಂಗಡಿಯ ದುಡ್ಡು ಕೊಟ್ಟು ಕತ್ತಿನ ಚಿತ್ರ ತೆಗೆಸಿದೆ. ಅಲ್ಲಿದ್ದಾಕೆ ವಯಸ್ಸಾದ ಡಾಕ್ಟರು. ಚಿತ್ರವನ್ನು ಬೆಳಕಿಗೆ ಹಿಡಿದು, "ನಿನ್ನ ಕತ್ತಿನ ಮೂಳೆಯೊಳಗೆ ನರಕ್ಕೆ ಜಾಗವೇ ಇಲ್ಲಪ್ಪ. ಹುಟ್ಟಿದಾಗಿಂದ್ಲೇ ಇಕ್ಕಟ್ಟು. ಏನು ಕೆಲಸ ಮಾಡ್ತೀಯ?" ಅಂದರು. ಹೇಳಿದೆ. ಅವರು ಚಿತ್ರ ಕೆಳಗಿಟ್ಟು, "ಬಿಟ್ಬಿಡು. ಇನ್ನೊಂದು ಅಂಥ ಪೆಟ್ಟು ಬಿದ್ರೆ ನೀನು ಎದ್ದು ನಿಲ್ತೀಯ ಅಂತ ನಾನು ಮಾತು ಕೊಡಲ್ಲ" ಅಂದರು. ಆ ಚಿತ್ರ ಈಗ ನನ್ನ ಹಾಸಿಗೆಯ ಕೆಳಗಿದೆ.

ಬಿಡುವುದು ಅಂತಲೇ ತೀರ್ಮಾನಿಸಿದ್ದೆ ಅಕ್ಕ. "ಹೋಗದಿದ್ದರೆ?" ಅಂತ ಕೇಳಿದ್ದು ಅದಕ್ಕೆ. ಬೇಡ ಬಿಡು ಅನ್ನುವ ನಿನ್ನ ಒಂದು ಸಾಲಿಗೆ ಕಾಯುತ್ತಿದ್ದೆ. ಬಂದದ್ದು ಛಾವಣಿ. "ಅಕ್ಕನ ಬಾಯಿಂದ" ಅಂತ ಓದಿಸಿದ್ದೀಯ. ಅಪ್ಪ ಓದಿಸಿದ್ದರೆ ಅಪ್ಪನ ಜೊತೆ ಜಗಳವಾಡುತ್ತಿದ್ದೆ. ನಮ್ಮಲ್ಲಿ ತಮ್ಮನಿಗೆ ಅಕ್ಕನ ಮಾತು ಅಪ್ಪನ ಮಾತಿಗಿಂತ ದೊಡ್ಡದು. ಅದನ್ನು ಬೀಳಿಸಿದ ಅನ್ನಿಸಿಕೊಂಡು ನಾನು ಆ ಚರ್ಚಿನೊಳಗೆ ಹೇಗೆ ಕಾಲಿಡಲಿ? ತುಂಬಾ ಸಿಟ್ಟಿತ್ತು ನಿನ್ನ ಮೇಲೆ. ಜನವರಿಯ ಕಾಗದವನ್ನು ಸಿಟ್ಟಿನಲ್ಲೇ ಬರೆದೆ. ದುಡ್ಡಿಗಾಗಿ ನನ್ನನ್ನು ಮುಂದೆ ತಳ್ಳಿದೆ ಅಂದುಕೊಂಡೆ. ಈಗ ನಿನ್ನ ಬೆರಳಿನ ವಿಷಯ ಓದಿ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ.

ಸುಳ್ಳು ಹೇಳಬಾರದು, ನನಗೂ ಆಸೆಯಿತ್ತು. ನಾಲ್ಕು ಲಕ್ಷ ಅಂದಾಗ ಯಾರಿಗೆ ಇರುವುದಿಲ್ಲ? ಜೋಮು ತಾನಾಗಿ ಹೋಗುತ್ತದೆ, ಒಂದು ವರ್ಷ ಹಲ್ಲು ಕಚ್ಚಿದರೆ ನಿನಗೊಂದು ಅಂಗಡಿ ಹಾಕಿಕೊಡಬಹುದು ಅಂತ ದಿನಾ ಹೇಳಿಕೊಳ್ಳುತ್ತಿದ್ದೆ.

ಮಾರ್ಚ್ ೨೪ರ ಸೋಮವಾರದಿಂದ ಪೂರಾ ಕವಚ ತೊಟ್ಟು ಡಿಕ್ಕಿ ಹೊಡೆಯುವ ಅಭ್ಯಾಸ. ಈಗ ಬಾಯಿಬಿಟ್ಟರೆ ಅವತ್ತೇ ದುಡ್ಡು ನಿಲ್ಲುತ್ತದೆ. ಮುಚ್ಚಿಟ್ಟಿದ್ದ ಅಂತ ಕೊಟ್ಟದ್ದನ್ನೂ ವಾಪಸು ಕೇಳಬಹುದು. ಪಟ್ಟವಿಲ್ಲ, ಉಳಿದ ಅರ್ಧ ಛಾವಣಿಯಿಲ್ಲ, ನಿನ್ನ ಕತ್ತಿ ನಿನ್ನ ಕೈಯಲ್ಲೇ. ಬಾಯಿ ಬಿಡದಿದ್ದರೆ ಏನು ಅಂತ ಆ ಡಾಕ್ಟರು ಹೇಳಿದ್ದಾರೆ.

ನೀನು ಹೇಳಿದ್ದಕ್ಕೆ ಬಂದೆ. ಈಗಲೂ ನೀನೇ ಹೇಳು.

ಫೆರೆತಿ


ಪಾಗೊ ಪಾಗೊ
೧೬ ಮಾರ್ಚ್ ೨೦೨೫, ಭಾನುವಾರ

ಫೆರೆತಿ,

ಈ ಕಾಗದ ನಿನಗೆ ೨೪ರೊಳಗೆ ಸಿಗುತ್ತದೋ ಇಲ್ಲವೋ ಅಂತಲೇ ಇವತ್ತು ಫೋನ್ ಮಾಡಿದ್ದು. ಫೋನಿನಲ್ಲಿ ನಾನು ಏನು ಹೇಳಿದೆ ನೀನು ಕೇಳಿದ್ದೀಯ. ಇಲ್ಲಿ ಏನಾಯಿತು ಅನ್ನುವುದು ನಿನಗೆ ಗೊತ್ತಿಲ್ಲ, ಅದನ್ನು ಬರೆಯುತ್ತೇನೆ.

ಎಲ್ಲರೂ ಚರ್ಚು ಮುಗಿಸಿ ಊಟಕ್ಕೆ ಕೂತಿದ್ದರು. ಬೇರೆ ಕಡೆ ಹೋಗಿ ಗುಟ್ಟಾಗಿ ಮಾತಾಡಬಹುದಿತ್ತು. ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರೇ ಹಿಂದೆ ತೆಗೆದುಕೊಳ್ಳಬೇಕು ಅನ್ನಿಸಿತು. ಫೋನನ್ನು ಚಾಪೆಯ ಮಧ್ಯೆ ಇಟ್ಟೆ. ಅಮ್ಮ "ಊಟ ಆಯ್ತೇನೋ" ಅಂದಳು. ಚಿಕ್ಕಪ್ಪ ಬಾಯಿ ತೆರೆಯುವ ಮೊದಲು ನಾನು ಶುರು ಮಾಡಿದೆ. ನಿನ್ನ ಕತ್ತು, ಬೆರಳು, ಆ ಚಿತ್ರ, ಡಾಕ್ಟರ ಮಾತು, ನನ್ನ ಬೆರಳು, ಎಲ್ಲ. "ನಾನು ನಿನ್ನ ಅಕ್ಕ. ಇಪ್ಪತ್ತೈದು ಸಾವಿರ ಅಂದಿದ್ದು ನಾನು. ಆ ಮಾತು ವಾಪಸ್ ತಗೊಂಡಿದೀನಿ. ನೆಲಕ್ಕೆ ಕೈ ಊರ್ಬೇಡ, ಎದ್ದೇಳು" ಅಂದೆ. ನೀನು "ಹೂಂ" ಅಂದೆ. ಅದು ಒಪ್ಪಿದ ಹೂಂ ಅಲ್ಲ. ಅಮ್ಮನಿಗೆ ನೀನು ಚಿಕ್ಕವನಿದ್ದಾಗ ಹೇಳುತ್ತಿದ್ದ ಹೂಂ, ಹೇಳಿದ ಮೇಲೂ ಸಮುದ್ರಕ್ಕೇ ಓಡುತ್ತಿದ್ದೆ. ಆಮೇಲೆ ನೀನೇ ಫೋನ್ ಇಟ್ಟುಬಿಟ್ಟೆ.

ಅಪ್ಪ ತಟ್ಟೆ ಬಿಟ್ಟು ಎದ್ದು ಹೋದ. "ಊರಿಗೆಲ್ಲ ಪಟ್ಟದ ಕರೆ ಹೋಗಿದೆ. ಹಂದಿ ಗೊತ್ತು ಮಾಡಿದೀನಿ. ನನ್ನ ಮುಖ ಎಲ್ಲಿಡ್ಲಿ?" ಅಷ್ಟೇ ಅಂದದ್ದು. ಅಮ್ಮ ನನ್ನ ಬಲಗೈ ಹಿಡಿದು ಒಂದೊಂದೇ ಬೆರಳು ಒತ್ತಿ "ಇದು ಗೊತ್ತಾಗತ್ತಾ? ಇದು?" ಅಂತ ಕೇಳುತ್ತಾ ಕೂತಳು.

ಮಧ್ಯಾಹ್ನ ಪಾದ್ರಿಗಳ ಮನೆಗೆ ಹೋಗಿ ಹೇಳಿದೆ, ಆ ಇಪ್ಪತ್ತೈದು ಸಾವಿರವನ್ನು ಟೆಕ್ಸಸ್‌ನವರು ವಾಪಸು ಕೇಳಬಹುದು, ಛಾವಣಿಯ ಪಟ್ಟಿಯಿಂದ ಹೆಸರು ತೆಗೆಯಿರಿ ಅಂತ. ಅವರು ಮೇಲೆ ನೋಡಿ "ತಗಡಿಗೆ ಮೊಳೆ ಹೊಡೆದಾಗಿದೆಯಲ್ಲಮ್ಮ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನಗೆ ನಿನ್ನ ದುಡ್ಡು ಬೇಡ. ಡಬ್ಬಿ ಒರೆಸುವ ಕಡೆ ಹಾಕಿ ಅಂತ ನಾಳೆ ನಾನೇ ಕೇಳುತ್ತೇನೆ. ನೀನು ಹಾಸಿಗೆಯ ಕೆಳಗಿನ ಚಿತ್ರ ತೆಗೆದುಕೊಂಡು ಹೋಗಿ ತೋರಿಸು. ತೋರಿಸಿದೆ ಅಂತ ಒಂದು ಸಾಲು ಬರಿ. ದಿನಾ ಪೆಟ್ಟಿಗೆ ತೆಗೆದು ನೋಡುತ್ತೇನೆ.

ಸಿನಿವಾ


ಪಾಗೊ ಪಾಗೊ
೧೩ ಏಪ್ರಿಲ್ ೨೦೨೫

ಫೆರೆತಿ,

ನಾಲ್ಕು ವಾರವಾಯಿತು. ಫೋನ್ ಎತ್ತುವುದಿಲ್ಲ, ಕಾಗದವಿಲ್ಲ. ಪೆಟ್ಟಿಗೆಯೊಳಗೆ ಕೈ ಹಾಕಿ ಹಿಂದಿನ ಗೋಡೆಯನ್ನೂ ತಡವುತ್ತೇನೆ. ಅಂಚೆಯವರು "ನಿಮ್ಮ ತಮ್ಮ ದೊಡ್ಡ ಮನುಷ್ಯ ಆಗ್ಬಿಟ್ಟ, ಬರೆಯಲ್ಲ ಬಿಡಿ" ಅಂತ ನಗುತ್ತಾರೆ. ನಾನೂ ನಗುತ್ತೇನೆ.

ಸಿಟ್ಟಿದ್ದರೆ ಬೈದು ಬರಿ. ಎಡಗೈಯಲ್ಲಾದರೂ, ಯಂತ್ರದಲ್ಲಾದರೂ ಸರಿ.

ಅಕ್ಕ


ಟೆಕ್ಸಸ್
೪ ಮೇ ೨೦೨೫

ಅಕ್ಕ,

ಬೈದೇ ಬರೆಯಬೇಕು ಅಂತ ಇಷ್ಟು ದಿನ ಬರೆಯಲಿಲ್ಲ. ಹನ್ನೆರಡು ಜನರ ಮುಂದೆ ನನ್ನ ಮೈ ಹರವಿಬಿಟ್ಟೆ. ಅಪ್ಪನ ಉಸಿರು ಫೋನಿನಲ್ಲಿ ಕೇಳಿಸುತ್ತಿತ್ತು. ನೀನು "ಆಡು, ಒಂದೇ ವರ್ಷ" ಅನ್ನುತ್ತೀಯ ಅಂತ ಮನಸ್ಸಿನ ಯಾವುದೋ ಮೂಲೆಯಲ್ಲಿ ಕಾದಿದ್ದೆ ಕಾಣುತ್ತದೆ. ನೀನು ಏಳು ಅಂದ ಮೇಲೂ ನಾನು ಡಾಕ್ಟರ ಹತ್ತಿರ ಹೋಗಲಿಲ್ಲ. ೨೪ರ ಸೋಮವಾರ ಕವಚ ತೊಟ್ಟು ಮೈದಾನಕ್ಕೇ ಹೋದೆ.

ಸಾಲಿನಲ್ಲಿ ಬಗ್ಗಿದೆ. ಬಲಗೈ ನೆಲಕ್ಕೆ ಊರಿದೆ. ಎಲ್ಲರೆದುರು ಸಿಟ್ಟಿನಲ್ಲಿ ನಿನ್ನ ಮಾತು ಮೀರುತ್ತಿದ್ದೇನೆ ಅಂತ ಗೊತ್ತಿತ್ತು. ಆದರೆ ಹುಲ್ಲು ಸಿಗಲಿಲ್ಲ ಅಕ್ಕ. ಕೈ ನೆಲದ ಮೇಲಿತ್ತು, ಕಣ್ಣಿಗೆ ಕಾಣುತ್ತಿತ್ತು, ಕೈಗೆ ನೆಲವೇ ಸಿಗಲಿಲ್ಲ. ಎದುರಿನವನು ಮುನ್ನೂರು ಪೌಂಡಿನ ಹುಡುಗ, ನನ್ನ ಕತ್ತಿನತ್ತಲೇ ನೋಡುತ್ತಿದ್ದ. ಆಗ ಮಕ್ಕಳ ಭಾನುವಾರದಲ್ಲಿ ಹಿಂದಿನ ಬೆಂಚಿನಿಂದ ಬಂದ ಹಾಗೆ ನಿನ್ನ ದನಿ. ಈ ಸಲ ವಾಕ್ಯ ನನ್ನದೇ ಆಗಿತ್ತು. ಚೆಂಡು ಅಲುಗುವ ಮೊದಲೇ ಎದ್ದು ನಿಂತೆ. ಕೋಚ್ ಸೀಟಿ ಊದಿದ. "ಏನಾಯ್ತೋ, ಇರುವೆ ಕಚ್ತಾ?" ಅಂದ. ಎಲ್ಲರೂ ನಕ್ಕರು. ನಾನು ಶಿರಸ್ತ್ರಾಣ ತೆಗೆದು ನೆಲದ ಮೇಲಿಟ್ಟು ನಡೆದುಬಿಟ್ಟೆ.

ಡಾಕ್ಟರು ಆ ಚಿತ್ರ ನೋಡಿದರು, ಹೊಸದು ತೆಗೆದರು, ಎರಡನ್ನೂ ಪಕ್ಕ ಪಕ್ಕ ಇಟ್ಟರು. ಈ ಸಲ ಎತ್ತು ಅನ್ನಲಿಲ್ಲ. ಸಂಜೆಯೊಳಗೆ ಬಾಗಿಲ ಮೇಲಿನ ನನ್ನ ಹೆಸರಿನ ಪಟ್ಟಿ ಕಿತ್ತಾಯಿತು. ಕೋಚ್ ಅಪ್ಪಿಕೊಂಡ. ಒಳ್ಳೆಯವನು, ಆದರೆ ಅಪ್ಪಿಕೊಂಡಿರುವಾಗಲೇ ಅವನ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ದುಡ್ಡು ನಿಂತಿತು. ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲವಂತೆ, ಪತ್ರಿಕೆಯವರ ಭಯಕ್ಕೆ. ಓದಿಗೆ ತೊಂದರೆಯಿಲ್ಲ. ಡಾರೆಲ್ ಆಮೇಲೆ ಒಂದು ಸಲವೂ ಫೋನ್ ಮಾಡಿಲ್ಲ. ಜೂನ್ ೧೮ಕ್ಕೆ ಕತ್ತಿನ ಶಸ್ತ್ರಚಿಕಿತ್ಸೆ. ಬೆರಳು ಮರಳಿ ಬರುತ್ತವೋ ಇಲ್ಲವೋ ಹೇಳಲಾಗದು ಅಂದಿದ್ದಾರೆ. ಅಮ್ಮನಿಗೆ ಬರುತ್ತವೆ ಅಂತ ಹೇಳು.

ನನ್ನ ಸಿಟ್ಟು ಇಳಿದದ್ದು ಹೇಗೆ ಗೊತ್ತೇ? ನಿನ್ನೆ ನನ್ನ ಜಾಗಕ್ಕೆ ಒಬ್ಬ ಬಂದ. ಎನೆಲಿಕೊ ಅಂತ, ನಮ್ಮ ದ್ವೀಪದವನೇ, ಅಮನಾವೆಯವನು. ನನ್ನನ್ನು ನೋಡಿ ಕುಣಿದಾಡಿಬಿಟ್ಟ. "ಅಣ್ಣಾ, ನನಗೆ ಮೂರು ಲಕ್ಷ!" ಅಂದ.

"ಕೊಟ್ಟಿದಾರೋ, ಹೇಳಿದಾರೋ?"

"ಹೇಳಿದಾರೆ. ಯಾಕಣ್ಣ, ಎರಡೂ ಒಂದೇ ಅಲ್ವಾ?"

ನಾನು ಅವನ ಕೈಗೆ ಪೆನ್ನು ಕೊಟ್ಟು ಹೆಸರು ಬರಿ ಅಂದೆ. ತಮಾಷೆ ಅಂದುಕೊಂಡು ಬರೆದ. ದುಂಡಗೆ, ಗೆರೆಯ ಮೇಲೆ, ಸಲೀಸಾಗಿ ಬರೆದ. ಅದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು. ಎಲ್ಲಾದರೂ ನೋವಿದ್ದರೆ ಮುಚ್ಚಿಡಬೇಡ, ಈಗಲೇ ಹೇಳು ಅಂದೆ. ಅವನು ಅತ್ತಿತ್ತ ನೋಡಿ ಎಡಮಂಡಿಯ ಮೇಲೆ ಕೈ ಇಟ್ಟ. "ರಾತ್ರಿ ಊದ್ಕೊಳ್ಳತ್ತೆ ಅಣ್ಣ, ಐಸ್ ಇಟ್ರೆ ಸರಿ ಹೋಗತ್ತೆ. ಯಾರಿಗೂ ಹೇಳ್ಬೇಡ. ಅಲ್ಲಿ ನನ್ನ ಅಕ್ಕ ಚರ್ಚಿನಲ್ಲಿ ಆಗ್ಲೇ ಓದಿಸ್ಬಿಟ್ಟಿದಾಳೆ."

ಅವಳ ಹೆಸರು ಸೀಪೋರ. ಅಮನಾವೆಯಲ್ಲಿ ಬಸ್ಸು ತಿರುಗುವ ಕಡೆ ನೀಲಿ ಮನೆಯಂತೆ. ಅಕ್ಕ, ನೀನು ಹೋಗು. ಲಗಿಯನ್ನೂ ಕರೆದುಕೊಂಡು ಹೋಗು. ನಿಮ್ಮ ಕೈ ತೋರಿಸು, ನನ್ನ ಈ ಕಾಗದ ತೋರಿಸು. ಅವಳಿಗೆ ಫೋನ್ ಮಾಡಬೇಡ, ಕಾಗದವನ್ನೂ ಬರೆಯಬೇಡ, ಖುದ್ದಾಗಿಯೇ ಹೋಗು. ಅವಳ ತಮ್ಮ ಸೋಮವಾರ ಸಹಿ ಹಾಕುತ್ತಾನೆ ಅಂತ ಮೊದಲು ಹೇಳಿದ್ದರು, ಈಗ ಮೂರು ವಾರ ಮುಂದೆ ಹೋಗಿದೆ. ಕಾಗದ ಸಿಕ್ಕ ದಿನವೇ ಹೊರಡು.

ನಿನ್ನ ತಮ್ಮ,
ಫೆರೆತಿ